ಕೋಡಿನ ಚೀಲದಲ್ಲಿ ಹಸಿರುಕಾಯಿ

ಹತ್ತು ಜನ ಸೇರಿ ಒಂದೇ ಪಾತ್ರೆಯಲ್ಲಿ ಸಾರು ಮಾಡಿದರೆ ಉಪ್ಪು ಒಂದೋ ಹತ್ತು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ನಮ್ಮ ಕೋಡ್ ಲೈಬ್ರರಿಯಲ್ಲಿ ಇಂಥದ್ದು ವಾರಕ್ಕೊಮ್ಮೆಯಾದರೂ ಆಗುತ್ತಲೇ ಇರುತ್ತದೆ.

ಕಾಫಿ ಎಸ್ಟೇಟುಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಫೋನಿನಲ್ಲಿ ದಾಖಲಿಸುವ ಒಂದು ಆ್ಯಪ್ ಇದೆ. ಅದರ ಕೋಡನ್ನೆಲ್ಲ ಒಂದೇ ಕಡೆ ಇಟ್ಟಿದ್ದೇವೆ. ಯಾರು ಬೇಕಾದರೂ ತಿದ್ದಿ, ಹೊಸದು ಬರೆದು ಕಳಿಸಬಹುದು. ಬಂದದ್ದನ್ನು ನೋಡಿ ಒಳಗೆ ಸೇರಿಸುವ ಕೆಲಸ ಮೂಡಿಗೆರೆಯಲ್ಲಿ ಕೂತ ನನ್ನದು. ಬಹಳ ದಿನ ನಾನು ದಾಕ್ಷಿಣ್ಯಕ್ಕೆ ಬಿದ್ದು ಬಂದದ್ದನ್ನೆಲ್ಲ ಸೇರಿಸಿದೆ. ಕಳೆದ ಮಳೆಗಾಲದಲ್ಲಿ ಆ್ಯಪ್ ಮೂರು ಸಲ ಕೈಕೊಟ್ಟಿತು.

ಬೆಳೆಗಾರರ ಸಂಘದ ಅಧ್ಯಕ್ಷರು ನನ್ನನ್ನು ಕರೆಸಿದರು. “ನೋಡಮ್ಮ, ಕಾಫಿ ಹೂ ಅರಳಿಸುವ ಹೂಮಳೆ ಬರುವುದರೊಳಗೆ ಇದು ಸರಿಯಾಗ್ಬೇಕು. ಇಲ್ಲಾಂದ್ರೆ ಎಲ್ಲರೂ ವಾಪಸ್ ಮಳೆ ಬರೆದಿಡೋ ಹಳೇ ಪುಸ್ತಕಕ್ಕೆ.”

ನಾಲ್ಕು ವರ್ಷದ ದುಡಿಮೆ ಅದು.

ಒಂದಿಂಚು ಐದು ಸೆಂಟ್

ನಮ್ಮ ಕಡೆ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದಿಂಚು. ಆಲ್ದೂರಿನ ಮೆಕ್ಯಾನಿಕ್ ಒಬ್ಬರ ಮಗಳು ನಮಗೆ ಕೋಡ್ ಬರೆದು ಕಳಿಸುತ್ತಾಳೆ, ಬಲು ಚುರುಕು. ಅಳತೆ ತುಂಬಿಸುವ ಪುಟ ಅವಳೇ ಬರೆದದ್ದು. ಒಂದು ದಿನ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅದರಲ್ಲಿ 1.5 ಎಂದು ಒತ್ತಿದರು. ಅವರ ಮನಸ್ಸಿನಲ್ಲಿದ್ದದ್ದು ಒಂದಿಂಚು ಐದು ಸೆಂಟ್. ಆ್ಯಪ್ ಒಂದೂವರೆ ಇಂಚು ಅಂದಿತು. ಪಕ್ಕದ ಎಸ್ಟೇಟಿನವರು ಹೊಟ್ಟೆಕಿಚ್ಚಿನಿಂದ ಎರಡು ದಿನ ಅವರ ಹತ್ತಿರ ಮಾತೇ ಆಡಲಿಲ್ಲ.

ಅಂದೇ ಮೊದಲ ನಿಯಮ ಮಾಡಿದೆ: ಕೋಡ್ ಬರೆಯುವ ಮೊದಲು, ಅದನ್ನು ಬಳಸುವವರ ಎದುರು ಹೋಗಿ ಕೂರಬೇಕು. ಅವಳು ಬೆಳಿಗ್ಗೆ ಜೀಪು ಹತ್ತಿ ಆ ರೈಟರ್ ಹತ್ತಿರ ಹೋದವಳು ಸಂಜೆಗೆ ಬಂದಳು. ಇಂಚಿಗೊಂದು ಖಾನೆ, ಸೆಂಟಿಗೊಂದು ಖಾನೆ ಮಾಡಿದ್ದಳು. ಆಮೇಲೆ ಆ ತಪ್ಪು ಒಮ್ಮೆಯೂ ಆಗಲಿಲ್ಲ.

“ಇಷ್ಟಕ್ಕೆ ಇಡೀ ದಿನ ಬೇಕಾಯ್ತಾ?” ಅಂದೆ.

“ಕೋಡಿಗೆ ಹತ್ತು ನಿಮಿಷ ಅಕ್ಕಾ. ಉಳಿದದ್ದೆಲ್ಲ ಅವ್ರ ಮಗಳ ಮದುವೆ ವಿಡಿಯೋ ನೋಡಿದ್ದು.”

ಚೀಲ ಮಗುಚು

ಕಳಸದವನೊಬ್ಬನಿದ್ದಾನೆ. ಅವನು ಕಳಿಸುವ ಕೋಡಿನ ಮೊದಲ ಪುಟ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಹಾಗಿರುತ್ತಿತ್ತು. ನಾನು ಅಷ್ಟನ್ನೇ ಓದಿ ಸೇರಿಸಿಬಿಡುತ್ತಿದ್ದೆ. ಮಾರನೇ ದಿನ ಏನಾದರೊಂದು ಮುರಿಯುತ್ತಿತ್ತು.

ನಾನು ತಲೆಮೇಲೆ ಕೈಹೊತ್ತು ಕೂತದ್ದನ್ನು ಅಪ್ಪ ನೋಡಿದರು. ಅಪ್ಪ ಮೂವತ್ತು ವರ್ಷ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಳುಗಳ ಕೆಲಸ ನೋಡಿಕೊಂಡವರು. “ಅಲ್ಲ ಮಾರಾಯ್ತಿ, ಕಾಫಿ ಕುಯ್ದ ಚೀಲದ ಬಾಯಿ ನೋಡಿ ಯಾರಾದ್ರೂ ತೂಕಕ್ಕೆ ಹಾಕ್ತಾರಾ? ಮೇಲೆ ಕೆಂಪು ಹಣ್ಣೇ ಇರ್ತದೆ. ಹಸಿರುಕಾಯಿ ಇರೋದು ತಳದಲ್ಲಿ. ಟಾರ್ಪಾಲಿನ ಮೇಲೆ ಮಗುಚಿ ನೋಡು. ಕಾಯಿ ಕಂಡ್ರೆ ನೀ ಆರಿಸ್ಬೇಡ, ಕುಯ್ದವ್ರೇ ಕೂತು ಆರಿಸ್ಲಿ.”

ಕಳಸದವನ ಮುಂದಿನ ಕೋಡನ್ನು ಕೊನೆಯ ಪುಟದಿಂದ ಓದಿದೆ. ಕೋಡಿನ ಜೊತೆ ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಯನ್ನೂ ಬರೆದು ಕಳಿಸಬೇಕು. ಈ ಮಹಾನುಭಾವ ಬರೆದ ಪರೀಕ್ಷೆಯಲ್ಲಿ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ, ಪಾಸ್ ಎಂಬ ಫಲಿತಾಂಶ ಮಾತ್ರ ಇತ್ತು! ವಾಪಸ್ ಕಳಿಸಿದೆ. ತಿದ್ದಿ ಕಳಿಸಿದ, ಮತ್ತೆ ಮಗುಚಿದೆ, ಮತ್ತೆ ವಾಪಸ್. ಆರನೇ ಸಲಕ್ಕೆ ಅವನೇ ಫೋನ್ ಮಾಡಿದ.

“ಅಕ್ಕಾ, ಹೊರನಾಡಿಗೆ ಹರಕೆ ಹೊತ್ತಿದ್ದೀನಿ. ಇದೊಂದ್ಸಲ ತಗೊಂಡ್ಬಿಡಿ.”

“ಹರಕೆ ದೇವ್ರಿಗೆ ಇರ್ಲಿ ಮಾರಾಯ. ನನಗೆ ಪರೀಕ್ಷೆ ಬರ್ದು ಕಳ್ಸು.”

ಏಳನೇ ಸಲ ಎಷ್ಟು ಮಗುಚಿದರೂ ಒಂದು ಹಸಿರುಕಾಯಿ ಸಿಗಲಿಲ್ಲ. ಯಾವುದಾದರೂ ಎಸ್ಟೇಟಿನ ಅಳತೆ ಸುತ್ತಲಿನವರದ್ದಕ್ಕೆ ತಾಳೆಯಾಗದಿದ್ದರೆ ಎಚ್ಚರಿಸುವ ಕೋಡ್ ಅದು. ಖುಷಿಯಿಂದ ಸೇರಿಸಿದೆ.

ಅಧ್ಯಕ್ಷರ ಹೂಮಳೆ

ಮಾರ್ಚಿನಲ್ಲಿ ತೀರ್ಮಾನದ ದಿನ ಬಂತು. ಸಂಘದ ಸಭೆ ಅಧ್ಯಕ್ಷರ ಎಸ್ಟೇಟಿನಲ್ಲೇ. ಕಳಸದವನನ್ನೂ ಕರೆದುಕೊಂಡು ಹೋಗಿದ್ದೆ. ಚಿಕ್ಕಮಗಳೂರಿನ ಮನೆಯಿಂದ ಆಗಷ್ಟೇ ಬಂದಿದ್ದ ಅಧ್ಯಕ್ಷರು ಮಳೆ ಅಳೆಯುವ ಪಾತ್ರೆಯನ್ನು ತಾವೇ ನೋಡಿ, ಎದೆ ಉಬ್ಬಿಸಿಕೊಂಡು ಒಳಗೆ ಬಂದರು.

“ನಮ್ಮಲ್ಲಿ ಎಪ್ಪತ್ತು ಸೆಂಟ್! ಹೂಮಳೆ ಬಂತು!”

ಉಳಿದವರ ಮುಖ ಬಾಡಿತು. ಅವರ್‍ಯಾರಿಗೂ ಒಂದು ಹನಿ ಬಿದ್ದಿರಲಿಲ್ಲ. ಅಧ್ಯಕ್ಷರು ಎಲ್ಲರ ಎದುರೇ ಫೋನಿನಲ್ಲಿ ಎಪ್ಪತ್ತು ಒತ್ತಿದರು. ಆ್ಯಪ್ ಒಪ್ಪಲಿಲ್ಲ. “ಸುತ್ತಲಿನ ಯಾವ ಎಸ್ಟೇಟಿನಲ್ಲೂ ಮಳೆಯಿಲ್ಲ. ದಯವಿಟ್ಟು ಪಾತ್ರೆ ಇಟ್ಟ ಜಾಗ ನೋಡಿ” ಎಂದಿತು.

“ಕಂಡ್ರಾ? ಮತ್ತೆ ಕೆಟ್ಟಿತು!” ಅಂದರು ಅಧ್ಯಕ್ಷರು. ಆದರೆ ಕಳಸದವನು ಎದ್ದು ನಿಂತ. “ಕೋಡ್ ಸರಿ ಉಂಟು ಸಾರ್. ಜಾಗ ನೋಡುವ ಬನ್ನಿ.”

ಇಡೀ ಸಭೆ ಎದ್ದು ಹೊರಟಿತು. ಪಾತ್ರೆಯ ಸುತ್ತ ನೆಲ ಒದ್ದೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ರಸ್ತೆಯಲ್ಲಿ ಧೂಳೇ ಧೂಳು. ಪಾತ್ರೆಯ ಮಗ್ಗುಲಲ್ಲಿ, ಗಿಡಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ನಿಂತಿತ್ತು! ಅಧ್ಯಕ್ಷರ ಎಸ್ಟೇಟಿನ ರೈಟರ್ ತಲೆ ಕೆರೆದುಕೊಂಡು, “ನಿನ್ನೆ ಸಂಜೆ ತೋಟದ ಈ ಬ್ಲಾಕಿಗೆ ನೀರು ಹಾಕಿದ್ದು ಸಾರ್. ನೀವು ಕೇಳ್ಲಿಲ್ಲ” ಅಂದರು.

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟು ವರ್ಷದಲ್ಲಿ ನನ್ನ ತಪ್ಪನ್ನ ನನ್ನೆದುರೇ ತಪ್ಪು ಅಂದದ್ದು ಇದೊಂದೇ. ಆ್ಯಪ್ ಇರ್ಲಿ. ಪುಸ್ತಕ ಅಟ್ಟಕ್ಕೆ ಹಾಕಿ!” ಗೆದ್ದೆವು! ಕಳಸದವನು ಎಲ್ಲರ ಎದುರು ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು.

ಒಳಗೆ ಹೋಗಿ ಕಾಫಿ ಲೋಟ ಎತ್ತುವಷ್ಟರಲ್ಲಿ ಅಧ್ಯಕ್ಷರ ಫೋನ್ ಬಡಿದುಕೊಂಡಿತು. ಸಭೆಗೆ ಬಾರದ ಪಕ್ಕದ ಎಸ್ಟೇಟಿನ ಮಾಲೀಕರು. ಅವರ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸಿತು:

“ಅಣ್ಣಾ, ಆಗ್ಲೇ ಸುದ್ದಿ ಬಂತು. ನಮ್ಗೂ ಹೂಮಳೆ ಬೇಕಿತ್ತು. ನಿಮ್ಮ ಸ್ಪ್ರಿಂಕ್ಲರ್ ಮೋಟಾರ್ ಒಂದಿನದ ಮಟ್ಟಿಗೆ ಕಳಿಸ್ತೀರಾ?”