ಶಾಲೆ ನೋಡುವ ಶಾಸ್ತ್ರ

ಪಕ್ಕದ್ದರ ಜೊತೆ ಹೋಲಿಸಿ ನೋಡದೆ ಏನನ್ನೂ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಹೀರೆಕಾಯಿ ಕೊಳ್ಳಲು ಹೋದರೆ ಮಾರ್ಕೆಟ್ಟಿನ ತಳ್ಳುಗಾಡಿಗಳನ್ನೆಲ್ಲ ಸುತ್ತಿ, ಮೊದಲ ಗಾಡಿಯದ್ದೇ ಎಳೆಯದೆಂದು ತೀರ್ಮಾನಿಸಿ ಮರಳುವಷ್ಟರಲ್ಲಿ ಅದು ಖರ್ಚಾಗಿರುತ್ತದೆ. ಆ ದಿನ ಮನೆಯಲ್ಲಿ ಬರೀ ತಿಳಿಸಾರು. ಇದನ್ನು ನಾನು ವಿವೇಕ ಎನ್ನುತ್ತೇನೆ. ನನ್ನ ಹೆಂಡತಿ ಸುಮಾ ಬೇರೇನೋ ಎನ್ನುತ್ತಾಳೆ.

ಮಂಡ್ಯದಿಂದ ಕೆಲಸದ ಮೇಲೆ ಬಂದು ತಮಿಳು ಸೀಮೆಯ ಪೆರಂಬೂರಿನಲ್ಲಿ ಮನೆ ಮಾಡಿರುವ ನಮಗೆ ಒಬ್ಬಳೇ ಮಗಳು, ಇಂಚರ. ಅವಳು ಓದುತ್ತಿದ್ದ ಪುಟ್ಟ ಶಾಲೆಯಲ್ಲಿ ಐದನೆಯ ತರಗತಿಯಿಂದಾಚೆಗೆ ಇಲ್ಲ. ಅವಳ ಜೀವದ ಗೆಳತಿ ಕಯಲ್ ಆಗಲೇ ನಮ್ಮ ಮನೆಯೆದುರಿನ ಸರ್ಕಾರಿ ಶಾಲೆಗೆ ಸೇರಿಯಾಗಿತ್ತು. "ಕಯಲ್ ನಂಗೆ ಪಕ್ಕದ್ ಸೀಟ್ ಹಿಡಿದಿಡ್ತಾಳಂತೆ, ಸೀಕ್ರಂ ಸೇರ್ಸಪ್ಪಾ" ಎಂದು ಮಗಳು ಅವಸರಪಡಿಸಿದಳು. "ಎದುರಿಗೇ ಸ್ಕೂಲಿದೆ, ಸೇರ್ಸಿ ರೀ" ಎಂದಳು ಸುಮಾ. ಅಕ್ಕಪಕ್ಕದ ಜಿಲ್ಲೆಗಳ ಸರ್ಕಾರಿ ಶಾಲೆ ಇದಕ್ಕಿಂತ ಚೆನ್ನಾಗಿದ್ದರೆ? ಇದ್ದರೆ ಮನೆಯನ್ನೇ ಅಲ್ಲಿಗೆ ಬದಲಾಯಿಸೋಣ ಎಂದೆ. ಇಂಚರಳ ಮುಖ ಸಣ್ಣದಾಯಿತು.

ಆಫೀಸಿಗೆ ರಜ ಹಾಕಿ ಹೊರಟೆವು. ನನಗೆ ಗೊತ್ತಿದ್ದದ್ದು ಹೆಣ್ಣು ನೋಡುವ ಕ್ರಮ ಒಂದೇ. ಹೀಗಾಗಿ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಸಕುಟುಂಬ ಹೋಗುವುದು, ಹೆಡ್‌ಮಾಸ್ಟರ ಮುಂದೆ ಕೂರುವುದು, ಕೇಳಬೇಕಾದ್ದನ್ನೂ ಕೇಳಬಾರದ್ದನ್ನೂ ಕೇಳುವುದು, ಕೊಟ್ಟ ನೀರು ಕುಡಿದು "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಏಳುವುದು. ತಿರುವಳ್ಳೂರು ಕಡೆಯ ಶಾಲೆಯಲ್ಲಿ ಮೈದಾನ ದೊಡ್ಡದು, ನೆರಳು ಕಮ್ಮಿ. ಕಾಂಚೀಪುರದ ಕಡೆ ನೆರಳಿಗೆ ಕೊರತೆಯಿಲ್ಲ, ಆದರೆ ಬೆಂಚು ಗಡಗಡ. ಒಬ್ಬ ಹೆಡ್‌ಮಾಸ್ಟರು ನನ್ನನ್ನು ತಪಾಸಣೆಗೆ ಬಂದ ಅಧಿಕಾರಿಯೆಂದು ಭಾವಿಸಿ ಟೀ ತರಿಸಿದರು. ನಾನೂ ತಿದ್ದಲಿಲ್ಲ, ಟೀ ಚೆನ್ನಾಗಿತ್ತು. "ನನ್ನ ನೋಡಿದಾಗ್ಲೂ ಹಿಂಗೇ ಅಂದು ಹೋಗಿದ್ರಿ" ಎಂದು ಟ್ರೇನಿನಲ್ಲಿ ಸುಮಾ ನೆನಪಿಸಿದಳು. "ನಮ್ಮಪ್ಪ ಬೇರೆ ಗಂಡು ನೋಡೋಕೆ ಶುರು ಮಾಡ್ಬಿಟ್ಟಿದ್ರು." ಆಗ ನಾನು ಒಪ್ಪಿಗೆ ತಿಳಿಸಲು ಅವರ ಮನೆಗೆ ಮೈಸೂರಿನ ಬಸ್ಸು ಹತ್ತಿ ಓಡಿದ್ದು ನಿಜ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಚೆಂಗಲ್ಪಟ್ಟಿನ ಶಾಲೆ ಮಾತ್ರ ಮನಸ್ಸಿಗೆ ಹಿಡಿಸಿತು. ಮಕ್ಕಳು ನಿಜವಾಗಿ ಓದುತ್ತಿದ್ದ ಲೈಬ್ರರಿ, ನೀರು ಬರುವ ನಲ್ಲಿ, ಬೇವಿನ ಗಾಳಿ. ಉಳಿದ ಜಿಲ್ಲೆಗಳ ಕುಂದುಕೊರತೆಗಳನ್ನು ನನ್ನ ಹರಕುಮುರುಕು ತಮಿಳಿನಲ್ಲಿ ಹೆಡ್‌ಮಿಸ್ಸಿಗೆ ವರದಿ ಮಾಡಿದೆ. ಅವರು ಶಾಂತವಾಗಿ ಕೇಳಿ, "ನಿಮ್ಮ ಮನೆ ಹತ್ತಿರದ ಶಾಲೆ ಹೇಗಿದೆ?" ಎಂದರು.

ಅದರೊಳಗೆ ನಾನು ಕಾಲೇ ಇಟ್ಟಿರಲಿಲ್ಲ. ಸುಮಾ ಫ್ಯಾನು ನೋಡತೊಡಗಿದಳು. ಶಾಲೆ ನಮ್ಮ ಬಾಲ್ಕನಿಯ ಎದುರಿಗೇ ಇದೆಯೆಂದು ಇಂಚರ ಅಚ್ಚ ತಮಿಳಿನಲ್ಲಿ ವಿವರಿಸಿದಳು.

ಮರುದಿನ ರಸ್ತೆ ದಾಟಿದೆವು. ಲೈಬ್ರರಿ, ನಲ್ಲಿ, ಬೇವಿನ ಮರ ಎಲ್ಲವೂ ಇದ್ದವು, ಬೆಂಚೂ ಗಟ್ಟಿ. ಆದರೆ ಕಯಲ್ ಇರುವ ಎ ಸೆಕ್ಷನ್ ತುಂಬಿತ್ತು. ಪಾಪ, ಆ ಹುಡುಗಿ ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು ಕಾದಳಂತೆ. ಕೊನೆಗೆ ಟೀಚರೇ ಬ್ಯಾಗು ತೆಗೆಸಿ ಬೇರೆಯವಳನ್ನು ಕೂರಿಸಿದರಂತೆ. ಇಂಚರಳಿಗೆ ಸಿಕ್ಕಿದ್ದು ಬಿ ಸೆಕ್ಷನ್. ಅವಳು ಅಳಲಿಲ್ಲ, ನನ್ನ ಕೈ ಮಾತ್ರ ಬಿಟ್ಟಳು. ಈ ಸಲ ಖಾಲಿಯಾಗಿದ್ದು ಹೀರೆಕಾಯಿಯಲ್ಲ.

ಈಗ ಬಾಲ್ಕನಿಯಲ್ಲಿ ನಿಂತರೆ ಎರಡೂ ಸೆಕ್ಷನ್ನಿನ ಕಿಟಕಿಗಳು ಕಾಣುತ್ತವೆ. ಮೊನ್ನೆ ಸಮಾಧಾನ ಹೇಳೋಣವೆಂದು, "ಎ-ಗಿಂತ ಬಿ-ಗೇ ಗಾಳಿ ಜಾಸ್ತಿ ಕಣಮ್ಮಾ, ದಿನಾ ನೋಡ್ತಿದೀನಿ" ಎಂದೆ.

ಅವಳು ಷೂ ಲೇಸು ಕಟ್ಟುತ್ತ ತಲೆಯೆತ್ತದೆ ಹೇಳಿದಳು: "ಸರಿಪ್ಪಾ. ಊರಿಗೆ ಹೋಗಿ ತಿಳ್ಸು."