ಬಲಗೈಯಿಂದ ಹಳಿ ತಿರುಗಿಸಿದ ಅಪರಾಧದ ಬಗ್ಗೆ

ಮಧುಗಿರಿ

ಶಿರಾದಲ್ಲಿ ಜರುಗಿದ ಕಿರುರೈಲು ಪರಿಕರ ವರ್ತಕರ ಮೇಳದ ಗೌರವ ಕಾರ್ಯದರ್ಶಿಗಳ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಸಮಿತಿಯ ಸಮಸ್ತ ಸದಸ್ಯರಿಗೂ, ಬಾಗಿಲಲ್ಲಿ ನಗುನಗುತ್ತಾ ನಮ್ಮ ಟಿಕೆಟ್ ಹರಿದ ತರುಣನಿಗೂ, ಒಂದು ಗಂಟೆಯ ನಂತರ ನನ್ನ ಯಜಮಾನರ ತೋಳು ಹಿಡಿದು ಅದೇ ಬಾಗಿಲಿನಿಂದ ಆಚೆ ಬಿಟ್ಟುಬಂದ ಇಬ್ಬರು ಭದ್ರತಾ ಸಿಬ್ಬಂದಿಗೂ ಈ ಬಡಪಾಯಿಯ ನೂರೆಂಟು ನಮಸ್ಕಾರಗಳು. ತಾವು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ನೋಟಿಸು ಕಳೆದ ಮಂಗಳವಾರ ಕೈಸೇರಿತು. ಕೊರಟಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಪೋಸ್ಟ್‌ಮಾಸ್ತರಿಕೆ ಮಾಡಿದ ನಾನು ಎಷ್ಟೋ ಜನರಿಗೆ ಎಂಥೆಂಥದೋ ನೋಟಿಸುಗಳನ್ನು ಸಹಿ ಹಾಕಿಸಿಕೊಂಡು ಕೊಟ್ಟವಳು. ನಮ್ಮ ಮನೆಯ ವಿಳಾಸಕ್ಕೇ ಒಂದು ಬರುವ ಭಾಗ್ಯ ಮಾತ್ರ ನಿವೃತ್ತಿಯ ತನಕ ಒದಗಿರಲಿಲ್ಲ. ಆ ಕೊರತೆಯನ್ನು ತಾವು ನೀಗಿಸಿದ್ದೀರಿ. ಆದರೂ ಅದರಲ್ಲಿನ ಕೆಲವು ಅಂಶಗಳ ಬಗ್ಗೆ ನನ್ನದೊಂದು ದೂರಿದೆ. ಅದನ್ನು ವಿವರವಾಗಿ ಅರಿಕೆ ಮಾಡಿಕೊಳ್ಳಲು ಅಪ್ಪಣೆಯಾಗಬೇಕು.

ತಾವು ನೋಟಿಸಿನಲ್ಲಿ 'ತಿಮ್ಮರಾಯಪ್ಪ ಎಂಬ ವ್ಯಕ್ತಿ' ಎಂದು ಉಲ್ಲೇಖಿಸಿರುವವರು ನನ್ನ ಗಂಡ. ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಪಾಯಿಂಟ್ಸ್‌ಮನ್ ಆಗಿದ್ದವರು. ಎಂದರೆ, ಬರುವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಹೋಗುವಂತೆ ಸನ್ನೆಕೋಲು ಎಳೆದು, ಕೂಡುಹಳಿಯನ್ನು ತಿರುಗಿಸಿ, ಹಸಿರು ಬಾವುಟ ಹಿಡಿದು ನಿಲ್ಲುವ ಕೆಲಸ. ರೈಲು ನಿಲ್ಲುವ ಊರುಗಳಲ್ಲಿ ಅವರು, ರೈಲೇ ಕಾಣದ ನಮ್ಮ ಸೀಮೆಯಲ್ಲಿ ನಾನು, ಹೀಗೆ ಎರಡು ಇಲಾಖೆಗಳು ನಮ್ಮ ಸಂಸಾರವನ್ನು ಬಹುಕಾಲ ಬಹಳ ಶಿಸ್ತಿನಿಂದ ಬೇರೆಬೇರೆ ಇಟ್ಟಿದ್ದವು. ನಿವೃತ್ತರಾಗಿ ಮಧುಗಿರಿಯ ಮನೆಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಅಟ್ಟದ ಮೇಲಿದ್ದ ಹಳೆಯ ಹಲಸಿನ ಬಾಗಿಲನ್ನು ಇಳಿಸಿ, ನಡುಮನೆಯಲ್ಲಿ ಎರಡು ಬೆಂಚುಗಳ ಮೇಲೆ ಮಲಗಿಸಿ, ಅದರ ಮೇಲೆ ಅಂಗೈಯಗಲದ ರೈಲು ಓಡಿಸಿದ್ದು. ಬಾಗಿಲಿನ ಒಂದು ತುದಿಗೆ ಸಿಮೆಂಟಿನ ಮಧುಗಿರಿ ಬೆಟ್ಟ, ಅದರ ಬುಡದಲ್ಲಿ ಎರಡು ಹಳಿಯ ನಿಲ್ದಾಣ. ಅರವತ್ತು ದಾಟಿದ ಗಂಡಸು ಆಟದ ಸಾಮಾನು ಇಟ್ಟುಕೊಂಡು ಕೂತರೆ ನೋಡಿದವರು ಏನಂದಾರು ಎಂದು ನಾನು ಗೊಣಗಿದ್ದುಂಟು. 'ನಮ್ಮೂರ್ಗೆ ದೊಡ್ಡದು ಬರಗಂಟ ಇದು ಓಡ್ತಿರ್ಲಿ ಬುಡು' ಎನ್ನುತ್ತಿದ್ದರು.

ಕಳೆದ ವರ್ಷ ಶ್ರಾವಣದಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಕಾಲು ಕೋಲಿನ ಸಹಾಯದಿಂದ ಅಷ್ಟಿಷ್ಟು ಬಂತು. ಮಾತಿನಲ್ಲಿ 'ಹೂಂ', 'ಬ್ಯಾಡ', 'ಅದು' ಎಂಬ ಮೂರು ಪದಗಳು ಮರಳಿದವು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ್ದು ಏಳಲೇ ಇಲ್ಲ. ವಾರಕ್ಕೆ ಮೂರು ದಿನ ಮನೆಗೆ ಬಂದು ಕೈಕಾಲು ಆಡಿಸುವ ಫಿಸಿಯೋಥೆರಪಿಸ್ಟ್ ಲೋಹಿತಾ ಎಂಬ ಹೆಣ್ಣುಮಗಳು ಒಂದು ದಿನ ಆ ಬಾಗಿಲಿನ ಮೇಲಿದ್ದ ಪುಟ್ಟ ಸನ್ನೆಕೋಲನ್ನು ನೋಡಿ, 'ಆಂಟಿ, ಆ ಕೈಗೆ ಗೊತ್ತಿರೋ ಕೆಲ್ಸ ಇದು. ದಿನಾ ಇದನ್ನೇ ಹಿಡಿಸಿ. ಕೈ ಅದಾಗದೇ ಅದುರಿದ್ರೆ ಲೆಕ್ಕಕ್ಕಿಲ್ಲ, ಅಂಕಲ್ ಬೇಕು ಅಂತ ಅಲುಗಾಡಿಸ್ಬೇಕು' ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಅವರ ಬೆರಳುಗಳನ್ನು ಆ ಸನ್ನೆಯ ಮೇಲೆ ಒಂದೊಂದಾಗಿ ಮಡಿಸಿ, ನನ್ನ ಕೈ ಅದರ ಮೇಲಿಟ್ಟು ಎಳೆಯುತ್ತಿದ್ದೆ. ಎಳೆಯುತ್ತಿದ್ದವಳು ನಾನೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಎಂಟನೇ ತಿಂಗಳಲ್ಲಿ ಆ ಪ್ಲಾಸ್ಟಿಕ್ ಸನ್ನೆ ಲಟಕ್ಕನೆ ಮುರಿಯಿತು. ಆವತ್ತು ಅವರು ಊಟ ಮಾಡಲಿಲ್ಲ.

ಇಂಥ ಸಂದರ್ಭದಲ್ಲಿ ತಮ್ಮ ಮೇಳದ ಸುದ್ದಿ ಬಂದದ್ದನ್ನು ದೈವಕೃಪೆ ಎನ್ನದೆ ಏನೆನ್ನಲಿ? ರೈಲು ನಿಲ್ದಾಣವೇ ಇಲ್ಲದ ಶಿರಾದಲ್ಲಿ ರೈಲಿನ ಮೇಳ ಇಟ್ಟ ತಮ್ಮ ಧೈರ್ಯವನ್ನು ಮೊದಲು ಕೊಂಡಾಡಬೇಕು. ಬೆಂಗಳೂರಿನವರಿಗೂ ಪುಣೆಯವರಿಗೂ ಹೆದ್ದಾರಿಯಲ್ಲೇ ಸಿಗುತ್ತದೆ ಎಂದು ಆ ಊರನ್ನು ಆರಿಸಿದಿರಂತೆ. ನಾವು ಬೆಳೆದ ಶೇಂಗಾ ಮಾತ್ರ ಕಂಡಿದ್ದ ಆ ರಸ್ತೆ ಜರ್ಮನಿಯ ಇಂಜಿನ್ನನ್ನೂ ಕಂಡು ಧನ್ಯವಾಯಿತು. ಪಾವಗಡ ತಾಲ್ಲೂಕಿನ ರಾಯಚರ್ಲುವಿನಿಂದ ನನ್ನ ತಮ್ಮ ಅಂಜನಪ್ಪ, ಸೋಲಾರ್ ಪಾರ್ಕಿನಲ್ಲಿ ಫಲಕ ಒರೆಸುವ ತಂಡದ ಮೇಸ್ತ್ರಿ, ರಜೆ ಹಾಕಿ ಕಾರು ತಂದು ನಮ್ಮನ್ನು ಕರೆದೊಯ್ದ. ಮೇಳ ನಡೆದ ಕಲ್ಯಾಣ ಮಂಟಪದ ಕಮಾನಿನ ಮೇಲೆ ಹಿಂದಿನ ದಿನದ ವಧೂವರರ ಹೆಸರು ಹಾಗೇ ಇದ್ದುದರಿಂದ, ಉಡುಗೊರೆ ತರದೆ ಬಂದೆವಲ್ಲ ಎಂದು ನಾವು ಬಾಗಿಲಲ್ಲಿ ಸ್ವಲ್ಪ ಹಿಂಜರಿದದ್ದು ನಿಜ.

ನನ್ನ ಚೀಟಿಯಲ್ಲಿ ಬರೆದುಕೊಂಡದ್ದು ಇಷ್ಟೇ: ಹಳಿ ತಿರುಗಿಸುವ ಸನ್ನೆಕೋಲು ಒಂದು, ಎರಡು ಗಜ ಹಳಿ, ಹಳಿಯ ಕೆಳಗೆ ಹಾಸುವ ಸಣ್ಣ ಜಲ್ಲಿ, ನಾಲ್ಕು ಮರ, ಹತ್ತು ಮಂದಿ ಪ್ರಯಾಣಿಕರು. ಒಂದೇ ಬಂಡೆಯ ಬೆಟ್ಟದ ಕೆಳಗೆ ಹುಟ್ಟಿ ಬೆಳೆದ ನಮಗೆ ತಮ್ಮ ವರ್ತಕರು ಅಂಗೈಯಷ್ಟು ಪೊಟ್ಟಣದಲ್ಲಿ ಹೊರದೇಶದ ಕಲ್ಲು ತೋರಿಸಿದರು. ಅಂಜನಪ್ಪ ಅದನ್ನು ಕೈಯಲ್ಲಿ ಹಿಡಿದು, 'ಅಕ್ಕಾ, ಬಂಡೆ ಊರಿನೋರ್ಗೇ ಕಲ್ಲು ಮಾರ್ತಾವ್ರಲ್ಲ, ವೀಳ್ಳು ಗಟ್ಟಿವಾಳ್ಳು ಬುಡು!' ಎಂದು ತನ್ನ ಗಡಿಸೀಮೆಯ ತೆಲುಗು ಬೆರೆಸಿ, ಇವರು ಗಟ್ಟಿಗರೆಂದು ಮೆಚ್ಚುಗೆ ಸೂಚಿಸಿದ. ಮರ ಕೇಳಿದರೆ ಹಿಮ ಹೊದ್ದ ದೇವದಾರು ಕೊಟ್ಟರು. ಹುಣಸೆ, ಹೊಂಗೆ ಇದೆಯೇ ಎಂದದ್ದಕ್ಕೆ ಅಂಥ ಮರಗಳು ತಯಾರಾಗುವುದಿಲ್ಲ ಎಂದರು. ಪ್ರಯಾಣಿಕರಲ್ಲಿ ಓವರ್‌ಕೋಟಿನವರು, ಕೊಡೆ ಹಿಡಿದವರು, ನಾಯಿ ಎಳೆದುಕೊಂಡು ಹೊರಟ ದೊರೆಸಾನಿಯರು ಎಲ್ಲರೂ ಇದ್ದರು. ಪಂಚೆ ಉಟ್ಟವನೊಬ್ಬನೂ ಇರಲಿಲ್ಲ, ತಲೆಯ ಮೇಲೆ ಚೀಲ ಹೊತ್ತ ಹೆಂಗಸೊಬ್ಬಳೂ ಇರಲಿಲ್ಲ. ತಮ್ಮ ರೈಲುಗಳಲ್ಲಿ ಸೀಟು ಸುಲಭವಾಗಿ ಸಿಗುವುದರ ಗುಟ್ಟು ನನಗೆ ಆಗ ತಿಳಿಯಿತು.

ಸನ್ನೆಕೋಲನ್ನು ಏಳು ಮಳಿಗೆಗಳಲ್ಲಿ ಕೇಳಿದೆ. ಏಳರಲ್ಲೂ ಒಂದೇ ಉತ್ತರ. 'ಅಮ್ಮಾ, ಲಿವರ್ ಎಲ್ಲ ಹೋಯ್ತು ಕಣಮ್ಮ. ಈಗೆಲ್ಲ ಆ್ಯಪ್ಪು. ಮೊಬೈಲಲ್ಲಿ ಹಿಂಗೆ ಸವರಿದ್ರೆ ಹಳಿ ಅದೇ ತಿರುಗುತ್ತೆ, ಕೈ ಹಾಕೋ ತಾಪತ್ರಯನೇ ಇಲ್ಲ' ಎಂದು ಒಬ್ಬರು ಬಹಳ ಕಕ್ಕುಲಾತಿಯಿಂದ ವಿವರಿಸಿದರು. ನಮಗೆ ಬೇಕಾಗಿರುವುದೇ ಆ ತಾಪತ್ರಯ ಎಂದು ಅವರಿಗೆ ಹೇಗೆ ಹೇಳಲಿ? ಕಡೆಗೆ ಕೈತೊಳೆಯುವ ತೊಟ್ಟಿಯ ಪಕ್ಕ, ತಾವು ಬಹುಶಃ ಯಾರ ಕಣ್ಣಿಗೂ ಬೀಳದಿರಲಿ ಎಂದೇ ಮೇಜು ಹಾಕಿಕೊಟ್ಟಿದ್ದ ಜಾಗದಲ್ಲಿ, ಶಿರಾದವರೇ ಆದ ಗಡಿಯಾರ ರಿಪೇರಿಯ ಜಬೀವುಲ್ಲಾ ಸಾಹೇಬರು ಹಳೆಯ ಬಿಡಿಭಾಗಗಳನ್ನು ಹರವಿಕೊಂಡು ಕೂತಿದ್ದರು. ನನ್ನ ಚೀಟಿ ನೋಡಿ, 'ಹಾತ್ ಕಾ ಕಾಮ್, ಕೈಕೆಲ್ಸ, ಈಗ ಯಾರ್ಗೂ ಬ್ಯಾಡ ಅಕ್ಕಾ. ಇರಿ, ನಮ್ದು ಡಬ್ಬದಾಗೆ ಹಿತ್ತಾಳೆದು ಒಂದು ಇರ್ಬೇಕು' ಎಂದು ತಗಡಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಹುಡುಕತೊಡಗಿದರು. ನಾನು ಸಭಾಂಗಣಕ್ಕೆ ಬೆನ್ನು ಮಾಡಿ, ಅವರ ಬೆರಳುಗಳನ್ನೇ ನೋಡುತ್ತಾ ನಿಂತಿದ್ದೆ.

ತಮ್ಮ ನೋಟಿಸಿನಲ್ಲಿ ವರ್ಣಿತವಾದ ಘಟನೆ ನಡೆದದ್ದು ಆಗ. ಯಾವನೋ ಗಂಡಸು ರೇಗಿ ಕೂಗಿದ್ದು ಕೇಳಿಸಿತು. ಪಾರ್ಕಿಂಗ್ ಜಗಳವಿರಬೇಕು ಎಂದುಕೊಂಡೆ. ನಲವತ್ತೊಂದು ವರ್ಷದ ಸಂಸಾರ, ಮಾನ್ಯರೇ, ಅದರಲ್ಲಿ ಅರ್ಧ ಟೆಲಿಫೋನಿನ ದನಿಯನ್ನೇ ನಂಬಿಕೊಂಡು ಮಾಡಿದ್ದು; ನನಗೆ ಆ ದನಿಯ ಗುರುತು ಸಿಗಲಿಲ್ಲ.

ನಡೆದದ್ದನ್ನೆಲ್ಲ ಕಣ್ಣಾರೆ ಕಂಡವನು ಅಂಜನಪ್ಪ. ಅವನು ಬಾವನನ್ನು ಸಭಾಂಗಣದ ನಡುವಿನ ತಮ್ಮ ಆಲ್ಪ್ಸ್ ಪರ್ವತದ ಮಾದರಿಯ ಮುಂದೆ, ಅಡ್ಡ ಕಟ್ಟಿದ ಹಗ್ಗದ ಈಚೆ, ಕುರ್ಚಿ ಹಾಕಿ ಕೂರಿಸಿದ್ದ. ಒಂದೇ ಹಳಿಯ ಮೇಲೆ ಎದುರುಬದುರು ಎರಡು ಗಾಡಿ, ನಡುವೆ ಒಂದು ನಿಲ್ದಾಣ, ಅಲ್ಲಿ ಒಂದು ಗಾಡಿ ಪಕ್ಕದ ಲೂಪ್ ಹಳಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು. ಅದನ್ನು ನಡೆಸುತ್ತಿದ್ದ ತಮ್ಮ ನಿಪುಣರು ಮೊಬೈಲನ್ನು ಸವರಿದರಂತೆ, ಒರೆಸಿದರಂತೆ, ತಲೆಯ ಮೇಲೆತ್ತಿ ಸಿಗ್ನಲ್ ಹುಡುಕಿದರಂತೆ. ಹಳಿ ಮಾತ್ರ ತಿರುಗಲಿಲ್ಲ. ಸುತ್ತ ನಿಂತವರೆಲ್ಲ ಡಿಕ್ಕಿಯನ್ನು ಚಿತ್ರೀಕರಿಸಲು ತಮ್ಮತಮ್ಮ ಫೋನು ಎತ್ತಿದರು. ಆಗ ನನ್ನ ಗಂಡ ಕೋಲು ಬಿಸಾಕಿ ಎದ್ದರಂತೆ. 'ಲೇ, ಲೂಪಿಗ್ ಹಾಕ್ಲಾ! ಎದುರ್ಗಡೆ ಗಾಡಿ ಬತ್ತಾ ಐತೆ, ಕಣ್ ಕಾಣಾಕಿಲ್ವಾ?' ಎಂದರೆಂದು ಅಂಜನಪ್ಪ ಒಮ್ಮೆ ಹೇಳುತ್ತಾನೆ, ಇನ್ನೊಮ್ಮೆ ಕೇಳಿದರೆ ಬೇರೆ ಥರ ಹೇಳುತ್ತಾನೆ. ಹಗ್ಗದ ಮೇಲೆ ಬಾಗಿ, ಮೊಣಕೈಯಿಂದ ಒಂದು ಚರ್ಚು ಮತ್ತು ಹನ್ನೊಂದು ದೇವದಾರು ಮರಗಳನ್ನು ಕೆಡವಿ, ಬಲಗೈಯ ಹೆಬ್ಬೆರಳಿನಿಂದ ಆ ಕೂಡುಹಳಿಯನ್ನು ಒತ್ತಿ ತಿರುಗಿಸಿದರು. ಒಂದು ಗಾಡಿ ಪಕ್ಕಕ್ಕೆ ಸರಿಯಿತು, ಇನ್ನೊಂದು ಬೆರಳಗಲದಲ್ಲಿ ದಾಟಿಹೋಯಿತು. ನಾನು ತಿರುಗಿ ನೋಡುವ ಹೊತ್ತಿಗೆ ಅವರು ಬಲಗೈ ಮುಂದಕ್ಕೆ ಚಾಚಿಕೊಂಡೇ ನಿಂತಿದ್ದರು, ತಮ್ಮ ಸಿಬ್ಬಂದಿ ಅದೇ ಕೈಯನ್ನು ಹಿಡಿದಿದ್ದರು.

ಹೊರಗೆ ಕಾರಿನ ಹತ್ತಿರ ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯದು. ಜಬೀವುಲ್ಲಾ ಸಾಹೇಬರು ಮೇಜು ಬಿಟ್ಟು ಓಡಿಬಂದು ಹಿತ್ತಾಳೆಯ ಸನ್ನೆಕೋಲು ತಂದರು. ಯಜಮಾನರು ಎಡಗೈ ಚಾಚಿದರೆ, 'ಆ ಕೈ ಅಲ್ಲ ಸಾಬ್, ಈಗ ಕೆಲ್ಸ ಮಾಡ್ತಲ್ಲ, ಆ ಕೈಗೆ ಈಸ್ಕೊಳ್ಳಿ' ಎಂದು ಕಾದು ನಿಂತರು. ಬಹಳ ಹೊತ್ತು ಕಾದರು. ಬೆರಳು ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಅವರೇ ಅದನ್ನು ಅಂಗೈಯಲ್ಲಿಟ್ಟು ಮುಚ್ಚಿ ಹೋದರು.

ಈಗ ನೋಟಿಸಿಗೆ ಬರುತ್ತೇನೆ. ಸದರಿ ವ್ಯಕ್ತಿಯು 'ತನ್ನ ಬಲಗೈಯನ್ನು ಉದ್ದೇಶಪೂರ್ವಕವಾಗಿ ಚಾಚಿ' ಪ್ರದರ್ಶನದ ವಸ್ತುವನ್ನು 'ಬಲವಾಗಿ ತಳ್ಳಿದ್ದಾನೆ', ಆದ್ದರಿಂದ ತಮ್ಮ ಎಲ್ಲ ಮೇಳಗಳಿಂದ ಆಜೀವ ನಿರ್ಬಂಧಿಸಲಾಗಿದೆ ಎಂದು ಅಪ್ಪಣೆ ಕೊಡಿಸಿದ್ದೀರಿ. ಲೋಹಿತಾ ಅದನ್ನು ಎರಡು ಸಲ ಓದಿ, 'ಉದ್ದೇಶಪೂರ್ವಕವಾಗಿ ಅಂತ ಬರ್ದವ್ರೆ ಆಂಟಿ!' ಎಂದು ಕೂಗಿ, ಫೋಟೋ ತೆಗೆದು ತನ್ನ ವೈದ್ಯರಿಗೆ ಕಳಿಸಿದಳು. ಎಂಟು ತಿಂಗಳಿಂದ ಯಾವ ಸ್ಕ್ಯಾನಿಂಗೂ ಕೊಡದ ವರದಿಯನ್ನು ತಾವು ಮೊಹರು ಸಮೇತ ಕೊಟ್ಟಿದ್ದೀರಿ. ಆ ಕೈ ಅಂದಿನಿಂದ ಕೆಲವು ಬೆಳಿಗ್ಗೆ ಹಿತ್ತಾಳೆಯ ಸನ್ನೆಯನ್ನು ಅರ್ಧದ ತನಕ ತಾನೇ ಎಳೆಯುತ್ತದೆ, ಕೆಲವು ಬೆಳಿಗ್ಗೆ ಏನೂ ಮಾಡುವುದಿಲ್ಲ. ಏನೂ ಮಾಡದ ದಿನಗಳಲ್ಲಿ ನಾನು ತಮ್ಮ ನೋಟಿಸನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಆದ್ದರಿಂದ ನಿರ್ಬಂಧವನ್ನು ಯಾವ ಕಾರಣಕ್ಕೂ ಹಿಂಪಡೆಯಬಾರದೆಂದು ಮೊದಲ ಪ್ರಾರ್ಥನೆ. ಸಾಧ್ಯವಿದ್ದರೆ ಅವರ ಬಲಗಾಲಿನ ಮೇಲೂ, ಯಾರನ್ನಾದರೂ ಒದ್ದರೆಂದೋ ಓಡಿ ತಪ್ಪಿಸಿಕೊಂಡರೆಂದೋ, ಇಂಥದೇ ಒಂದು ಗುರುತರ ಆಪಾದನೆ ಹೊರಿಸಬೇಕು. ಚರ್ಚನ್ನು ನಾನೇ ಅಂಟಿಸಿಕೊಡಬಲ್ಲೆ. ಮರಗಳ ಬದಲಿಗೆ ಹುಣಸೆ ಆಗುವುದಾದರೆ ನಮ್ಮ ಹಿತ್ತಲಿನ ಕಡ್ಡಿ ಕಳಿಸುತ್ತೇನೆ.

ನನ್ನ ದೂರು ಇರುವುದು ತಮ್ಮ ಐದನೇ ಅಂಶದ ಮೇಲೆ. ಸದರಿ ವ್ಯಕ್ತಿಯು ತಮ್ಮ ಸಿಬ್ಬಂದಿಯನ್ನು 'ಏಕವಚನದಲ್ಲಿ, ಅವಾಚ್ಯವಾಗಿ' ನಿಂದಿಸಿರುವುದು ಧ್ವನಿ ಸಮೇತ ಕ್ಯಾಮೆರಾದಲ್ಲಿ ದಾಖಲಾಗಿದೆ ಎಂದು ಬರೆದು, ಆ ಮಾತುಗಳೇನೆಂದು ಬರೆಯದೆ ಬಿಟ್ಟಿದ್ದೀರಿ. ಇದು ಅನ್ಯಾಯ. ಅಂದಿನಿಂದ ಇಂದಿನವರೆಗೆ ಅವರು ಮತ್ತೆ ಒಂದು ಪೂರ್ತಿ ವಾಕ್ಯ ಆಡಿಲ್ಲ. ಆಡಿದ ಒಂದೇ ವಾಕ್ಯವನ್ನು ಸಭಾಂಗಣದಲ್ಲಿದ್ದ ಇನ್ನೂರು ಮಂದಿ ಅಪರಿಚಿತರು ಕೇಳಿಸಿಕೊಂಡರು, ಬೆನ್ನು ಮಾಡಿ ನಿಂತಿದ್ದ ಹೆಂಡತಿ ಯಾರೋ ಪರಕೀಯನದೆಂದು ಬಿಟ್ಟುಬಿಟ್ಟಳು. ಆ ಧ್ವನಿಮುದ್ರಣದ ಒಂದು ಪ್ರತಿಯನ್ನು ದಯಪಾಲಿಸಬೇಕು. ಬೈಗುಳವನ್ನು ಕತ್ತರಿಸಿ ಕಳಿಸುವ ಸೌಜನ್ಯ ದಯವಿಟ್ಟು ಬೇಡ.

ಇಂತು, ತಮ್ಮ ವಿಶ್ವಾಸಕ್ಕೆ ಅರ್ಹಳಲ್ಲದಿದ್ದರೂ ವಿಶ್ವಾಸವಿಟ್ಟಿರುವ,

ನಾಗರತ್ನಮ್ಮ
(ಆಪಾದಿತರ ಪತ್ನಿ)

ಬರೆದು ಮುಗಿಸಿದ ಮೇಲೆ ಹೊಳೆದದ್ದು: ಮುಂದೆಂದಾದರೂ ನಿರ್ಬಂಧದ ಉಲ್ಲಂಘನೆ ಕಂಡುಬಂದಲ್ಲಿ ಸದರಿ ಧ್ವನಿಮುದ್ರಣವನ್ನು ನ್ಯಾಯಾಲಯದಲ್ಲಿ ಬಹಿರಂಗವಾಗಿ ಕೇಳಿಸಲಾಗುವುದು ಎಂದು ನೋಟಿಸಿನ ಕೊನೆಯಲ್ಲಿ ಎಚ್ಚರಿಸಿದ್ದೀರಿ. ಪ್ರತಿ ಕಳಿಸಲು ನಿಯಮ ಅಡ್ಡಬರುವುದಾದರೆ, ತಮ್ಮ ಮುಂದಿನ ಮೇಳ ಎಲ್ಲಿ, ಯಾವತ್ತು ಎಂದು ಒಂದು ಕಾರ್ಡು ಹಾಕಿ. ನಾವಿಬ್ಬರೂ ಬಾಗಿಲು ತೆರೆಯುವ ಮೊದಲೇ ಬಂದು ಉಲ್ಲಂಘಿಸುತ್ತೇವೆ.