ಆಮೇಲಪ್ಪನ ಆಡದ ಆಟಗಳು

ಕೊಂಡದ್ದನ್ನೇ ಮತ್ತೆ ಕೊಳ್ಳಲು ಹೋದದ್ದು ಎಲ್ಲಕ್ಕೂ ಮೂಲವಾಯಿತು. ಬೆಳಗಿನ ಎಂಟೂವರೆ. ಹೆಂಡತಿ ಏಳಕ್ಕೇ ಕೆಲಸಕ್ಕೆ ಹೋಗಿಯಾಗಿತ್ತು. ಆಮೇಲಪ್ಪ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಟಿ.ವಿ. ಮುಂದೆ ಕೂತು, ವಿಡಿಯೋ ಗೇಮ್ ಮಾರುವವರ ಪುಟ ತೆರೆದಿದ್ದ. ರಿಯಾಯಿತಿ ಒಂಬತ್ತಕ್ಕೆ ಮುಗಿಯುತ್ತಿತ್ತು. ಹಡಗಿನ ಗೇಮೊಂದು ಅರ್ಧ ಬೆಲೆಗೆ ಸಿಕ್ಕುವಾಗ ಬಾಯಿ ತೊಳೆದುಕೊಂಡು ಬರುವಷ್ಟು ವ್ಯವಧಾನ ಯಾರಿಗಿರುತ್ತದೆ ಹೇಳಿ? ಗುಂಡಿ ಒತ್ತಿದ.

'ಈ ಗೇಮ್ ಈಗಾಗಲೇ ನಿಮ್ಮ ಬಳಿ ಇದೆ' ಎಂದಿತು ಪರದೆ.

ಇದೇನೂ ಹೊಸದಲ್ಲ. ಹೋದ ವರ್ಷ ನಾಲ್ಕು ಸಲ ಹೀಗಾಗಿತ್ತು. ಆದರೆ ಇವತ್ತು ಕೆಳಗೆ ಇನ್ನೊಂದು ಸಾಲಿತ್ತು: 'ಇದನ್ನು ನೀವು ಪೂರ್ತಿ ಆಡಿ ಮುಗಿಸಿದ್ದೀರಿ. ಅಭಿನಂದನೆ!'

ಆಮೇಲಪ್ಪ ಬ್ರಷ್ಷನ್ನು ಬಾಯಿಂದ ಈಚೆ ತೆಗೆದ. ಆ ಗೇಮಿನ ಮುಖವನ್ನೂ ನೋಡಿದವನಲ್ಲ ಅವನು.

ಆಮೇಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಕಣ್ಣು ಪರೀಕ್ಷೆ ಮಾಡುವ ಕನ್ನಡಕದ ಅಂಗಡಿಯವರು ಕಟ್ಟಿದ್ದು. 'ಆ ಗೇಮ್ ಆಡಿದ್ಯಾ?' ಎಂದು ಯಾರೇ ಕೇಳಲಿ, 'ಕೊಂಡಿದ್ದೀನಿ, ಆಮೇಲೆ ಆಡ್ತೀನಿ' ಎನ್ನುವುದೇ ಅವನ ಉತ್ತರ. ಕೊಂಡದ್ದು ಎಪ್ಪತ್ತು, ಆಡಿದ್ದು ಆರು. ಅಭಿಪ್ರಾಯ ಮಾತ್ರ ಎಪ್ಪತ್ತರ ಮೇಲೂ ಇತ್ತು. ಬಿಡುಗಡೆಯ ದಿನವೇ ಕೊಳ್ಳುವವರು ದಡ್ಡರು; ಕಂಪನಿಯವರ ತಪ್ಪು ಹುಡುಕಿಕೊಡುವುದಕ್ಕೆ ತಾವೇ ದುಡ್ಡು ಕೊಡುತ್ತಾರೆ. ಗೇಮಿನೊಳಗಿನ ವೀರನಿಗೆ ಬಣ್ಣದ ಅಂಗಿ ಕೊಳ್ಳುವವರು ಹುಚ್ಚರು. ಇಲ್ಲದ ಮನುಷ್ಯನಿಗೆ ಇಲ್ಲದ ಅಂಗಿ. ಫೋನಿನಲ್ಲಿ ಆಡುವವರನ್ನಂತೂ ಅವನು ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಯಾರಾದರೂ ಚಟದ ಮಾತೆತ್ತಿದರೆ ಎದೆಯುಬ್ಬಿಸಿ ಹೇಳುತ್ತಿದ್ದ: "ಆಡಿದ್ರೆ ತಾನೇ ಚಟ? ನಾನು ಆಡೋದೇ ಇಲ್ವಲ್ಲ!"

ಈಗ ತನ್ನ ಗೇಮುಗಳ ಪಟ್ಟಿ ತೆರೆದು ನೋಡಿದ. ಆರು ತಿಂಗಳಿಂದ ಆ ಕಡೆ ತಲೆ ಹಾಕಿರಲಿಲ್ಲ. ಕೊಳ್ಳುವ ಪುಟ ಬಿಟ್ಟರೆ ಬೇರೆ ಪುಟದಲ್ಲಿ ಅವನಿಗೇನು ಕೆಲಸ? ಪಟ್ಟಿಯ ಉದ್ದಕ್ಕೂ ಒಂದೇ ಮಾತು. ಮುಗಿದಿದೆ. ಮುಗಿದಿದೆ. ಮುಗಿದಿದೆ. ಆಡಿದ ಹೊತ್ತೂ ನಮೂದಾಗಿತ್ತು. ಎಲ್ಲವೂ ಕೆಲಸದ ದಿನಗಳೇ, ಹತ್ತರಿಂದ ಐದರೊಳಗೆ. ಅವನು ಅಂಗಡಿಯ ಕತ್ತಲೆ ಕೋಣೆಯಲ್ಲಿ ನಿಂತು 'ಮೇಲಿನ ಸಾಲು ಓದಿ' ಎನ್ನುತ್ತಿದ್ದ ಹೊತ್ತು.

ಅರವತ್ತಮೂರು ಗೇಮ್ ಮುಗಿದಿದ್ದವು. ಉಳಿದದ್ದು ಒಂದೇ, 'ಉಪ್ಪಿನ ಅರಮನೆ'. ಅದರ ಮುಂದೆ ಹೀಗಿತ್ತು: 'ನೂರಕ್ಕೆ ತೊಂಬತ್ತರಷ್ಟು ಆಗಿದೆ. ಕೊನೆಯ ಸಲ ಆಡಿದ್ದು ನಿನ್ನೆ ಸಂಜೆ ನಾಲ್ಕೂ ಐವತ್ತಕ್ಕೆ.'

ಆಮೇಲಪ್ಪ ದಡಕ್ಕನೆ ಎದ್ದು ನಿಂತ. ಉಳಿದವು ಹಾಳಾಗಿ ಹೋಗಲಿ, ಇದೊಂದನ್ನು ಮುಟ್ಟಬಾರದಿತ್ತು. ಅದರ ಮೊದಲ ಮೂರು ಭಾಗಗಳನ್ನು ಅವನು ಓದುವ ಕಾಲದಲ್ಲಿ ಆಡಿದ್ದ, ಊಟ ತಿಂಡಿ ಮರೆತು, ತನ್ನಷ್ಟಕ್ಕೆ ತಾನೇ ಕೇಕೆ ಹಾಕಿ ನಗುತ್ತ. ಆ ಸುಖ ಆಮೇಲೆ ಯಾವುದರಲ್ಲೂ ಸಿಕ್ಕಿರಲಿಲ್ಲ. ನಾಲ್ಕನೆಯದೂ ಕೊನೆಯದೂ ಆದ ಈ ಭಾಗ ಬರಲು ಒಂಬತ್ತು ವರ್ಷ ಕಾದಿದ್ದ. ಬಂದ ಮೇಲೆ, ಒಂದು ಒಳ್ಳೆಯ ದಿನ ಮನಸ್ಸು ಹಗುರಾಗಿರುವಾಗ ಆಡಬೇಕೆಂದು ತೆರೆಯದೆ ಇಟ್ಟಿದ್ದ. ಕತೆಯ ಕೊನೆ ಯಾರ ಬಾಯಿಂದಲಾದರೂ ಕಿವಿಗೆ ಬಿದ್ದೀತೆಂದು ಎರಡು ಮದುವೆಯ ಮನೆಗಳಿಂದ ಎದ್ದು ಬಂದಿದ್ದ. ಅದನ್ನು ಈಗ ಯಾರೋ ಕೂತು ಉಣ್ಣುತ್ತಿದ್ದಾರೆ, ಇವತ್ತು ತಳ ಬಳಿದು ಮುಗಿಸುತ್ತಾರೆ.

"ನಾನಿರೋವರೆಗೆ ಆಗಲ್ಲ" ಎಂದು ಪಾಸ್‌ವರ್ಡ್ ಬದಲಾಯಿಸಿದ. ಅದೂ ಸಾಲದೆಂದು ಗೇಮ್ ಪೆಟ್ಟಿಗೆಯ ಕರೆಂಟಿನ ವೈರನ್ನೇ ಕಿತ್ತು, ಸುತ್ತಿ, ಊಟದ ಡಬ್ಬಿಯ ಚೀಲಕ್ಕೆ ತುರುಕಿಕೊಂಡು, ಬಾಗಿಲಿಗೆ ಬೀಗ ಜಡಿದು, ಬೀಗವನ್ನು ಮೂರು ಸಲ ಜಗ್ಗಿ ನೋಡಿ ಅಂಗಡಿಗೆ ಹೊರಟ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಗಾಜಿನ ಮಾವ ಎನ್ನುತ್ತಿದ್ದರು. ಅವರು ಚೀಲದಿಂದ ಇಣುಕುತ್ತಿದ್ದ ವೈರನ್ನು ನೋಡಿ, "ಏನಪ್ಪಾ ಇವತ್ತು ಶಾವಿಗೇನಾ?" ಎಂದರು.

ಆಮೇಲಪ್ಪ ಎಲ್ಲ ಹೇಳಿದ. ಮಾವ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. "ಕಳ್ಳ ಅಂದ್ರೆ ತಗೊಂಡು ಹೋಗ್ಬೇಕು. ಕೂತು ನಿನ್ನ ಕೆಲಸ ಮುಗಿಸಿಕೊಟ್ಟು ಹೋಗೋನು ಎಂಥ ಕಳ್ಳನೋ? ನಮ್ಮನೆಗೂ ಕಳಿಸು, ಅಟ್ಟ ಗುಡಿಸೋದಿದೆ."

"ಮಾವ, ನನಗೆ ಕೈಕಾಲು ನಡುಗ್ತಿದೆ, ನಿಮಗೆ ತಮಾಷೆ!"

ಅಷ್ಟರಲ್ಲಿ ಗಿರಾಕಿ ಬಂದರು. ಪುಸ್ತಕದಂಗಡಿಯ ಹಳೆಯ ಗುಮಾಸ್ತರು. ಆಮೇಲಪ್ಪ ಅವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟಿಟ್ಟು ಗಾಜು ಬದಲಾಯಿಸುತ್ತ ಹೋದ. ಮನಸ್ಸು ಮನೆಯಲ್ಲಿತ್ತು, ಕೈ ತನ್ನ ಪಾಡಿಗೆ ಯಾವುದೋ ಗಾಜು ಇಡುತ್ತಿತ್ತು.

"ಈಗ ಹೇಗಿದೆ ಸಾರ್?"

"ಎರಡೆರಡು ಕಾಣ್ತಿದೆ."

"ಯಾವ ಅಕ್ಷರ?"

"ಅಕ್ಷರ ಅಲ್ಲಪ್ಪ. ನೀವು."

ಆಮೇಲಪ್ಪ ತಿರುಗಿ ಬೆನ್ನ ಹಿಂದೆ ನೋಡಿದ. ಬಾಗಿಲು ಮುಚ್ಚಿತ್ತು, ಕೋಣೆಯಲ್ಲಿ ಅವರಿಬ್ಬರೇ. ಗಾಜು ತೆಗೆದುಬಿಟ್ಟ. ಅದೇ ಗಳಿಗೆಗೆ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸಂದೇಶ ಬಂದಿತ್ತು: 'ಮರಳಿ ಸ್ವಾಗತ! ಉಪ್ಪಿನ ಅರಮನೆ ಶುರುವಾಗಿದೆ.'

ಓಡಿಹೋಗಿ ಚೀಲ ನೋಡಿದ. ವೈರು ಡಬ್ಬಿಯ ಪಕ್ಕದಲ್ಲಿ ಸುತ್ತಿದ ಹಾಗೇ ಇತ್ತು.

ಮನೆ ಕೆಳಗಡೆ ಟೈಲರಮ್ಮ ಇದ್ದರು. ಹೊಲಿಗೆ ಯಂತ್ರ ನಿಲ್ಲಿಸಿ ಊರ ಮಾತು ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರಿಗೆ ಫೋನ್ ಮಾಡಿದ.

"ಅಮ್ಮಾ, ನಮ್ಮನೆ ಕಡೆ ಏನಾದ್ರೂ ಸದ್ದು ಕೇಳಿಸ್ತಿದೆಯಾ?"

"ಸದ್ದಾ? ನಿಮ್ಮ ಕೂಗಾಟಕ್ಕೆ ನನ್ನ ಸೂಜಿ ಎರಡು ಸಲ ದಾರಿ ತಪ್ಪಿತು! ಸ್ವಲ್ಪ ಮೆತ್ತಗೆ ಆಡ್ಬಾರದೇನಪ್ಪಾ?"

"ಅಮ್ಮಾ, ನಾನು ಅಂಗಡೀಲಿದ್ದೀನಿ."

"ಈಗ ತಾನೇ ಬಟ್ಟೆ ಒಣಹಾಕೋಕೆ ಮಹಡಿಗೆ ಬಂದಿದ್ರಲ್ಲ? ಮಾತಾಡಿಸಿದೆ. 'ಇವತ್ತು ಕೊನೇದಮ್ಮ, ಇವತ್ತು ಮುಗಿದುಬಿಡುತ್ತೆ' ಅಂತ ನಕ್ಕೊಂಡು ಹೋದ್ರಿ. ನೋಡಿ, ಈಗ್ಲೂ ನಗ್ತಿದ್ದೀರಿ. ಕೇಳಿಸ್ತಾ?"

ಕೇಳಿಸಿತು. ಫೋನಿನ ಆಚೆ, ಎಲ್ಲೋ ಮೇಲಿನಿಂದ, ಕೇಕೆ ಹಾಕಿ ನಗುವ ಗಂಡಸಿನ ದನಿ. ಆಮೇಲಪ್ಪ ಫೋನನ್ನು ಗಾಜಿನ ಮಾವನ ಕಿವಿಗೆ ಹಿಡಿದ.

"ಹೆಂಡತೀನ ಕೇಳು" ಎಂದರು ಗಾಜಿನ ಮಾವ, ಈ ಸಲ ನಗದೆ.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೆಲಸದ ಹೊತ್ತಿನಲ್ಲಿ ಫೋನ್ ಮಾಡಿದರೆ ಅವಳಿಗೆ ಸಿಡುಕು. "ಏನ್ರೀ ಅದು?"

"ನಾನಿಲ್ಲದಾಗ ಮನೇಲಿ ಯಾರಿರ್ತಾರೆ?"

"ಯಾರಿರ್ತಾರೆ? ನೀವೇ ಇರ್ತೀರಿ. ಮೊನ್ನೆ ನಾನು ಬೇಗ ಬಂದಾಗ ಕಾಫಿ ಮಾಡಿಕೊಟ್ರಲ್ಲ. ಆರು ತಿಂಗಳಿಂದ ಪಾತ್ರೆ ತೊಳೆದಿಡ್ತೀರಿ, ಬಟ್ಟೆ ಮಡಚ್ತೀರಿ, ನಗ್ತಾ ಮಾತಾಡ್ತೀರಿ. ಸಂಜೆ ಏಳಾದ ಮೇಲೆ ಮಾತ್ರ ಅದೇನೋ ಮತ್ತೆ ಮುಖ ಗಂಟು ಹಾಕ್ಕೊಂಡು ಫೋನ್ ನೋಡ್ತಾ ಕೂತ್ಕೊಳ್ತೀರಿ. ಇರ್ಲಿ ಬಿಡಿ, ಅರ್ಧ ದಿನವಾದ್ರೂ ಸುಧಾರಿಸಿದ್ದಾರಲ್ಲ ಅಂತ ನಾನೂ ಸುಮ್ಮನಿದ್ದೀನಿ." ಫೋನ್ ಇಟ್ಟಳು.

ಸಂಜೆ ಏಳು ಅವನು ಅಂಗಡಿಯಿಂದ ಮನೆ ಸೇರುವ ಹೊತ್ತು. ಆಮೇಲಪ್ಪ ಮಾಲೀಕರ ಹತ್ತಿರ ಹೋಗಿ ಹೊಟ್ಟೆನೋವು ಎಂದ. ಮುಖ ನೋಡಿ ಅವರು ಎರಡನೆಯ ಮಾತಾಡದೆ ಬಿಟ್ಟರು.

ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಫೋನು ವರದಿ ಒಪ್ಪಿಸುತ್ತಲೇ ಇತ್ತು. ನೂರಕ್ಕೆ ತೊಂಬತ್ತೆರಡು. ತೊಂಬತ್ತನಾಲ್ಕು. 'ಅಭಿನಂದನೆ! ಮೂರನೆಯ ಬಾಗಿಲು ತೆರೆದಿದ್ದೀರಿ.' ಬಸ್ಸಿಳಿದು ಓಡಿದ. ಮೆಟ್ಟಿಲ ಬುಡದಲ್ಲಿ ಟೈಲರಮ್ಮ ಅಳತೆ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದರು. ಅವನನ್ನು ನೋಡಿದರು, ಮೇಲೆ ನೋಡಿದರು, ಮತ್ತೆ ಅವನನ್ನು ನೋಡಿ ಬಾಗಿಲ ಒಳಕ್ಕೆ ಸರಿದರು.

ಬೀಗ ಹಾಕಿದ ಹಾಗೇ ಇತ್ತು. ಒಳಗಿನಿಂದ ನಗು ಬರುತ್ತಿತ್ತು. ಹತ್ತಿರದಿಂದ ಕೇಳಿದಾಗ ಅದರ ಗುರುತು ಸಿಕ್ಕಿತು. ಅದು ಅವನದೇ ನಗು, ಓದುವ ಕಾಲದ್ದು. ವರ್ಷಗಳಿಂದ ತನ್ನ ಬಾಯಿಂದ ಕೇಳಿರದ ನಗು. ಹೆದರಿಕೆಗಿಂತ ಹೆಚ್ಚಾಗಿ ಅವನಿಗೆ ಹೊಟ್ಟೆಕಿಚ್ಚಾಯಿತು. ಬೀಗ ತೆಗೆದು ನುಗ್ಗಿದ.

ಟಿ.ವಿ. ಮುಂದೆ ನೆಲದ ಮೇಲೆ ಅವನೇ ಕೂತಿದ್ದ. ಅದೇ ಮೂಗು, ಅದೇ ನೆತ್ತಿ, ಕೂದಲು ಮಾತ್ರ ಸ್ವಲ್ಪ ಕೆದರಿತ್ತು. ಪೆಟ್ಟಿಗೆಯ ಹಿಂದೆ ವೈರಿನ ತೂತು ಖಾಲಿಯಿತ್ತು, ಪೆಟ್ಟಿಗೆ ಗುಂಯ್ ಎಂದು ಓಡುತ್ತಲೇ ಇತ್ತು.

"ಬಂದ್ಯಾ? ಚಪ್ಪಲಿ ಹೊರಗೆ ಬಿಡು" ಎಂದ ಕೂತಿದ್ದವನು, ಪರದೆಯಿಂದ ಕಣ್ಣು ತೆಗೆಯದೆ.

"ಯಾರೋ ನೀನು?" ಆಮೇಲಪ್ಪನ ದನಿ ಕೀರಲಾಯಿತು. "ನನ್ನ ಮನೆ, ನನ್ನ ಗೇಮು, ನನ್ನ ಹೆಂಡತಿಗೆ ಕಾಫಿ ಬೇರೆ! ನಿಲ್ಲಿಸೋ ಅದನ್ನ!"

ಅವನು ಆಟ ನಿಲ್ಲಿಸಿದ. ನೂರಕ್ಕೆ ತೊಂಬತ್ತೊಂಬತ್ತು. "ಆರು ತಿಂಗಳ ಹಿಂದೆ, ಉಪ್ಪಿನ ಅರಮನೆ ಕೊಂಡ ದಿನ, ಕೆಲಸಕ್ಕೆ ಹೊರಡೋ ಹೊತ್ತು. ಗೋಡೆಗೆ ತಲೆ ಚಚ್ಕೊಂಡು ಒಂದು ಮಾತು ಹೇಳಿದ್ದು ನೆನಪಿದೆಯಾ?"

ಆಮೇಲಪ್ಪನಿಗೆ ನೆನಪಿತ್ತು. "ಇಬ್ಬರಾಗಿದ್ರೆ ಎಷ್ಟು ಚೆನ್ನಾಗಿತ್ತು ಅಂದೆ. ಒಬ್ಬ ಮನೇಲಿ ಕೂತು ಆಡೋಕೆ, ಒಬ್ಬ ಕೆಲಸಕ್ಕೆ ಹೋಗೋಕೆ."

"ಹ್ಞಾಂ. ಹಾಗೇ ಆಯ್ತು."

"ಓಹೋ!" ಆಮೇಲಪ್ಪನಿಗೆ ಧೈರ್ಯ ಬಂತು. "ಹಾಗಾದ್ರೆ ನೀನು ಆಮೇಲೆ ಬಂದೋನು. ನನ್ನ ನಕಲು. ಏಳು ಮೇಲೆ!"

ಅವನು ಮೊದಲ ಸಲ ತಿರುಗಿ ನೋಡಿದ. ಮುಖದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. "ಸರಿಯಾಗಿ ಯೋಚನೆ ಮಾಡು. ಆಡೋ ಆಸೆ ಇದ್ದೋನು ಮೊದಲೇ ಇದ್ದ. ಆಗ ಇಲ್ಲದೇ ಇದ್ದೋನು ಅಂದ್ರೆ ಕೆಲಸಕ್ಕೆ ಹೋಗೋನು. ಅವನು ಬೇಕು ಅಂತ ನಾನಂದೆ, ಬಂದ." ಕಂಟ್ರೋಲರಿನಿಂದ ಆಮೇಲಪ್ಪನ ಎದೆಯತ್ತ ತೋರಿಸಿದ. "ಬಂದೋನು ನೀನು."

"ಸುಳ್ಳು! ನನಗೆ ಎಲ್ಲಾ ನೆನಪಿದೆ. ಸ್ಕೂಲು, ಮದುವೆ, ಅಮ್ಮನ ಆಪರೇಷನ್ನು..."

"ಇರಲೇಬೇಕಲ್ಲಪ್ಪ. ಏನೂ ಗೊತ್ತಿಲ್ಲದೋನ್ನ ಕೆಲಸಕ್ಕೆ ಕಳಿಸೋಕಾಗುತ್ತಾ?"

ಆಮೇಲಪ್ಪನ ಕಣ್ಣಲ್ಲಿ ನೀರು ಬಂತು. "ಕೊಡು ಇಲ್ಲಿ. ಆಡಿ ತೋರಿಸ್ತೀನಿ ಯಾರು ಅಸಲು ಅಂತ. ಒಂಬತ್ತು ವರ್ಷ ಕಾದೋನು ನಾನು."

ಅವನು ತಕರಾರಿಲ್ಲದೆ ಜಾಗ ಬಿಟ್ಟುಕೊಟ್ಟ. ಆಮೇಲಪ್ಪ ಕೂತು ಮೊದಲಿನಿಂದ ಶುರು ಮಾಡಿದ. ಬೆಳ್ಳಗಿನ ಅರಮನೆ ಪರದೆಯ ತುಂಬ ಎದ್ದು ನಿಂತಿತು. ಸಂಗೀತ ಹಳೆಯದೇ. ಈಗ ಬರುತ್ತದೆ ಆ ಸುಖ ಎಂದು ಉಸಿರು ಬಿಗಿಹಿಡಿದು ಕಾದ. ಎರಡು ನಿಮಿಷ ನಡೆದ. ಒಂದು ಬಾಗಿಲು ತೆಗೆದ. ಏನೂ ಆಗಲಿಲ್ಲ. ಎದೆಯೊಳಗೆ ಕೈ ಹಾಕಿ ತಡಕಿದರೂ ಸಿಕ್ಕದಷ್ಟು ಏನೂ ಆಗಲಿಲ್ಲ. ಇವತ್ತು ಮನಸ್ಸು ಸರಿಯಿಲ್ಲ, ಒಂದು ಒಳ್ಳೆಯ ದಿನ ಆಮೇಲೆ ಆಡಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಬೆರಳು ತಾನಾಗಿಯೇ ಕೊಳ್ಳುವ ಪುಟ ತೆರೆದಿತ್ತು. ರೈಲಿನ ಗೇಮೊಂದಕ್ಕೆ ಅರ್ಧ ಬೆಲೆ, ಸಂಜೆಯವರೆಗೆ ಮಾತ್ರ. ಎದೆ ಹೊಡೆದುಕೊಂಡಿತು, ಅಂಗೈ ಬೆಚ್ಚಗಾಯಿತು. ಕಾದಿದ್ದ ಸುಖ ಜುಮ್ಮೆಂದು ನೆತ್ತಿಯವರೆಗೆ ಏರಿತು. ಗುಂಡಿ ಒತ್ತಿದ.

ಒತ್ತಿದ ಮೇಲೆ ತಿರುಗಿ ಹಿಂದೆ ನಿಂತವನನ್ನು ನೋಡಿದ. ಆಮೇಲಪ್ಪನಿಗೆ ತಾನು ಯಾರೆಂದು ತಿಳಿಯಿತು. ಮೆಲ್ಲಗೆ ಎದ್ದು, ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು ಅವನತ್ತ ಚಾಚಿದ.

"ರೈಲಿಂದು ಒಂದು ಕೊಂಡಿದ್ದೀನಿ" ಎಂದ, ತಲೆ ತಗ್ಗಿಸಿ. "ಇದು ಮುಗಿದ ಮೇಲೆ ನೀವು ಅದನ್ನ ಆಡಿ."

"ಆಗ್ಲಿ. ಹೊತ್ತಾಯ್ತು, ಹೋಗು" ಎಂದ ಅವನು, ಆಗಲೇ ಕೂತು.

ಆಮೇಲಪ್ಪ ಚಪ್ಪಲಿ ಮೆಟ್ಟಿ ಬಾಗಿಲು ಎಳೆದುಕೊಂಡ. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲೆ ಕೇಕೆ ಎದ್ದಿತು. ಉಪ್ಪಿನ ಅರಮನೆ ಮುಗಿದಿರಬೇಕು. ಕೆಳಗೆ ಟೈಲರಮ್ಮ ಬಾಗಿಲ ಸಂದಿಯಿಂದ ಮುಖ ಹಾಕಿದ್ದರು, ತುಟಿ ಬಿಳುಚಿತ್ತು.

"ನೀವು ಇಲ್ಲಿದ್ದೀರಿ" ಎಂದರು, ಪಿಸುದನಿಯಲ್ಲಿ. "ಮತ್ತೆ ಮೇಲೆ ನಗ್ತಿರೋದು ಯಾರಪ್ಪಾ?"

"ಮನೆ ಯಜಮಾನರು ಕಣಮ್ಮ" ಎಂದ ಆಮೇಲಪ್ಪ, ಗಡಿಯಾರ ನೋಡಿಕೊಳ್ಳುತ್ತ. "ನಾನು ಅವರ ಕಡೆಯಿಂದ ಕೆಲಸಕ್ಕೆ ಹೋಗೋನು."